ಹಗ್ಗ, ಗೂಟ, ಇಟ್ಟಿಗೆ ಮತ್ತು ಗಣಿತ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ, ಸೊರಬದ ಕುಬಟೂರಿನ ಕೈಟಭೇಶ್ವರ ದೇಗುಲಗಳನ್ನು ಕಟ್ಟಿದವರಿಗೆ ರೇಖಾಗಣಿತವು ಕೈಕೆಲಸದ ಭಾಗವೇ ಆಗಿತ್ತು. 12ನೇ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲಿಯೇ 'ವ್ಯವಹಾರ ಗಣಿತ' ರಚಿಸಿದ. ಇದೇ ಸೀಮೆಯ ಏಳನೇ ತರಗತಿಯ ಎಷ್ಟೋ ಮಕ್ಕಳಿಗೆ ಇಂದು ಆಯತವೆಂದರೆ ಕಪ್ಪುಹಲಗೆಯ ಮೇಲಿನ ನಾಲ್ಕು ಗೆರೆ.

ಶಾಲೆಯ ಹಿತ್ತಲಲ್ಲಿ 12 ಅಡಿ ಉದ್ದ, 5 ಅಡಿ ಅಗಲದ ಕೈತೋಟದ ಪಾತಿಯನ್ನು ಮಕ್ಕಳೇ ಗುರುತಿಸಲಿ. ನಾಲ್ಕೂ ಬದಿಗಳ ಅಳತೆ ಸರಿಯಿದ್ದೂ ಪಾತಿ ಸೊಟ್ಟಗಾಗಬಹುದು! ಕರ್ಣ 13 ಅಡಿ ಬರುವವರೆಗೆ ಗೂಟ ಸರಿಸಿದ ಮಗು ಪೈಥಾಗೊರಸನ ಪ್ರಮೇಯವನ್ನು ಉರುಹೊಡೆಯಬೇಕಿಲ್ಲ. ಮುಂದೆ ಅಂಚುಗಟ್ಟುವ ಕೆಲಸ. ಹೊರಸುತ್ತಳತೆ 34 ಅಡಿ. ಮುಕ್ಕಾಲು ಅಡಿಯ ಇಟ್ಟಿಗೆ ಲೆಕ್ಕದಲ್ಲಿ 46 ಬೇಕು. ಜೋಡಿಸಿದರೆ ಒಂದೆರಡು ಮಿಗುತ್ತವೆ, ಏಕೆಂದರೆ ಮೂಲೆಗಳಲ್ಲಿ ಇಟ್ಟಿಗೆಯ ಅಗಲವೂ ಉದ್ದಕ್ಕೆ ಸೇರುತ್ತದೆ. ಸೇವೆಯಲ್ಲಿದ್ದಾಗ ಕಟ್ಟಡಗಳ ಅಂದಾಜುಪಟ್ಟಿಗಳನ್ನು ಓದುತ್ತಿದ್ದ ನನಗೆ ಈ 'ಮಿಕ್ಕ ಇಟ್ಟಿಗೆ'ಯೇ ನಿಜವಾದ ಪಾಠವೆನಿಸುತ್ತದೆ.

ಸರ್ಕಾರಿ ಶಾಲೆಗಳಲ್ಲಿ 'ಗಣಿತ ಕಲಿಕಾ ಆಂದೋಲನ'ದ ಕಲಿಕಾ ಸಾಮಗ್ರಿ ರೂಪುಗೊಂಡದ್ದು 4 ಮತ್ತು 5ನೇ ತರಗತಿಗಳಿಗೆ. ಬೀಜಗಣಿತದ ಭಯ ಹುಟ್ಟುವುದು ಅದರ ನಂತರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರು 10 ದಿನ ಚೀಲವಿಲ್ಲದೆ ಬಡಗಿ, ಕುಂಬಾರರ ಬಳಿ ಕಲಿಯಲಿ ಎಂದಿತು. ನೀತಿಯ ಸುತ್ತಲಿನ ರಾಜಕೀಯ ಏನೇ ಇರಲಿ, ಈ ಸಲಹೆ ಗ್ರಾಹ್ಯ. ಸೊರಬದ ಗುಡಿಗಾರರ ಕೆತ್ತನೆಯಲ್ಲಿ ಸಮಮಿತಿ ಕಾಣಲು ಪಠ್ಯಪುಸ್ತಕವೇಕೆ?

ಇಲ್ಲಿ ಅಡ್ಡಿ ಹಣದ್ದಲ್ಲ, ವೇಳಾಪಟ್ಟಿಯದು. ಒಂದೇ ಅವಧಿಯಲ್ಲಿ ಪಾತಿ ಮುಗಿಯದು. ಶನಿವಾರ ಎರಡು ಅವಧಿಗಳನ್ನು ಜೋಡಿಸಿ, ಊರಿನ ಗಾರೆಯವರೊಬ್ಬರನ್ನು ಮೂಲೆಮಟ್ಟ, ತೂಗುಗುಂಡುಗಳೊಡನೆ ಕರೆಸಿ, ಅವರಿಗೆ ಆ ದಿನದ ಕೂಲಿಯನ್ನೂ ಕೊಡಬೇಕು.