ನಿಮಗಿದು ಗೊತ್ತೆ? ತಾರೆಯ ಕೈಯ ನೈದಿಲೆ

ಬಸವನಗುಡಿಯ ಮನೆಗಳ ದೇವರ ಕೋಣೆಯಲ್ಲಿ ತಾವರೆ ಹಿಡಿದು ಕುಳಿತ ಲಕ್ಷ್ಮಿಯ ಹಿತ್ತಾಳೆ ವಿಗ್ರಹವನ್ನು ನಿತ್ಯವೂ ಕಾಣುವ ಕಣ್ಣಿಗೆ, ಬಿಹಾರದ ನಾಲಂದಾ, ಕುರ್ಕಿಹಾರಗಳ ಕಂಚಿನಲ್ಲಿ ಮೂಡಿದ ಬೌದ್ಧರ ತಾರಾದೇವಿಯೂ ಲಕ್ಷ್ಮಿಯೆಂದೇ ತೋರುವುದು ಸಹಜ. ಆದರೆ ತಾರೆಯದು ಅರಳಿದ ಕಮಲವಲ್ಲ. ಎಡಗೈಯ ಬೆರಳುಗಳ ನಡುವಿನಿಂದ ಬಳುಕಿ ಭುಜದೆತ್ತರಕ್ಕೇರಿದ ದಂಟಿನ ತುದಿಯಲ್ಲಿ, ಚೂಪಾದ ಎಸಳುಗಳನ್ನು ಇನ್ನೂ ಪೂರ್ತಿ ಬಿಚ್ಚದ ನೀಲೋತ್ಪಲ, ಅಂದರೆ ನಮ್ಮ ನೈದಿಲೆ. ಬಲಗೈ ವರದಮುದ್ರೆಯಲ್ಲಿ ಅಂಗೈದೋರಿ ಕೆಳಗಿಳಿದಿರುವುದು. ತಾರೆಯ ಹಸಿರು ರೂಪವಾದ ಶ್ಯಾಮತಾರೆಯಾದರೆ, ಭಕ್ತನ ಮೊರೆಗೆ ಒಡನೆ ಎದ್ದುಬರಲು ಸಿದ್ಧಳೆಂಬಂತೆ, ಬಲಗಾಲನ್ನು ಪೀಠದಿಂದ ಇಳಿಬಿಟ್ಟಿರುವಳು. ಹೂವಿನ ಮೇಲೆ ಪುಸ್ತಕವಿದ್ದರೆ ಆಕೆ ತಾರೆಯಲ್ಲ, ಬೌದ್ಧರ ಜ್ಞಾನದೇವಿ ಪ್ರಜ್ಞಾಪಾರಮಿತೆ.

ಈ ದೇವಿ ಕನ್ನಡನಾಡಿಗೆ ಪರಕೀಯಳಲ್ಲ. ಕ್ರಿ.ಶ. 1065ರ ಸುಮಾರಿಗೆ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯನು ಬಳ್ಳಿಗಾವೆಯಲ್ಲಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದಾಗ ಅಲ್ಲಿ ತಾರಾ ಭಗವತಿಗೂ ಪೂಜೆ ಸಂದಿತು. 1095ರ ಡಂಬಳದ ಶಾಸನವಾದರೋ ಆನೆ, ಸಿಂಹ, ಬೆಂಕಿ, ಹಾವು, ಕಳ್ಳರು, ಸೆರೆ, ಜಲ, ಪಿಶಾಚ ಎಂಬ ಅಷ್ಟಭಯಗಳಿಂದ ಪೊರೆಯುವವಳೆಂದು ಆಕೆಯನ್ನು ಸ್ತುತಿಸುತ್ತದೆ. ಇವೆಲ್ಲ ಬಹುಮಟ್ಟಿಗೆ ದಾರಿಹೋಕರ ಭಯಗಳೇ. ಡಂಬಳದ ವಿಹಾರಗಳನ್ನು ಕಟ್ಟಿಸಿದವರು ವರ್ತಕರಾದ ಸೆಟ್ಟಿಗಳೆಂಬುದನ್ನು ನೆನೆದಾಗ ಆ ಸ್ತುತಿಯ ಆರ್ತತೆ ಹೃದಯಕ್ಕೆ ತಟ್ಟುತ್ತದೆ.

ಬಳ್ಳಿಗಾವೆಯ ತಾರೆ ಶಿಲಾಮೂರ್ತಿ. ಆಕೆಯೊಡನೆ ಪೂಜೆಗೊಳ್ಳುತ್ತಿದ್ದ ಬೋಧಿಸತ್ವ ಲೋಕೇಶ್ವರನನ್ನು ಕಂಚಿನಲ್ಲಿ ಕಾಣಬಯಸುವವರು ಮಂಗಳೂರಿಗೆ ಹೋದಾಗ ಕದ್ರಿಯ ಮಂಜುನಾಥ ದೇವಾಲಯವನ್ನು ತಪ್ಪದೆ ಸಂದರ್ಶಿಸಬೇಕು: ಆಳುಪರ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ, ಮೂರು ಮುಖ, ಆರು ಕೈಗಳ ಆ ಭವ್ಯ ಮೂರ್ತಿ ಇಂದಿಗೂ ಅಲ್ಲಿಯೇ ಇದೆ.