ಅಲಿಬಾಗಿನ ಕಡಲು, ಕೊರ್ಲಾಯಿಯ ಮಾತು

ಸೊಲ್ಲಾಪುರದವರಾದ ನಮಗೆ ನೀರೆಂದರೆ ಸಿದ್ಧೇಶ್ವರ ಕೆರೆ, ಉಜನಿ ಅಣೆಕಟ್ಟು, ಬೇಸಿಗೆಯಲ್ಲಿ ನಲ್ಲಿಯ ಮುಂದೆ ಸಾಲುಗಟ್ಟುವ ಕೊಡಗಳು. ಸಮುದ್ರವನ್ನು ನಾವು ಕ್ಯಾಲೆಂಡರಿನಲ್ಲಿ ನೋಡಿದ್ದೇ ಹೆಚ್ಚು. ನಮ್ಮ ಮನೆಯ ಅಜ್ಜಿಗಂತೂ ಎಪ್ಪತ್ತಾರು ತುಂಬಿದರೂ ಸಮುದ್ರದ ದರ್ಶನ ಆಗಿರಲಿಲ್ಲ. ಆದ್ದರಿಂದ ದೀಪಾವಳಿ ರಜೆ ಮುಗಿಯುವ ಮೊದಲು ನಾವಿಬ್ಬರು, ಮಕ್ಕಳಿಬ್ಬರು, ಜೊತೆಗೆ ಅಜ್ಜಿ, ಹೀಗೆ ಐವರು ಅಲಿಬಾಗಿಗೆ ಹೋಗಿ ಬರುವುದೆಂದು ನಿಶ್ಚಯಿಸಿದೆವು. ಗುರುವಾರ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗಾಗುವಷ್ಟರಲ್ಲಿ ಮುಂಬಯಿ.

ಮುಂಬಯಿಯಿಂದ ಅಲಿಬಾಗಿಗೆ ರಸ್ತೆಯಲ್ಲಿ ಹೋದರೆ ನೂರು ಕಿಲೋಮೀಟರಿನ ಆಸುಪಾಸು. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದ ಮೇಲೆ ಆ ದಾರಿ ಸುಲಭವಾಗಿದೆ. 2020ರಿಂದ ಕಾರುಗಳನ್ನೂ ಹೊತ್ತೊಯ್ಯುವ ದೊಡ್ಡ ರೋ-ರೋ ಹಡಗು ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಓಡಾಡುತ್ತಿದೆ. ಆದರೆ ಮಕ್ಕಳಿಗೆ ಬೇಕಾದದ್ದು ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲಿನಿಂದ ಹೊರಡುವ ದೋಣಿ. ಒಂದು ತಾಸಿನ ಒಳಗೆ ಮಾಂಡವಾ ತಲುಪಿಸುತ್ತದೆ. ಅಲ್ಲಿಂದ ಅಲಿಬಾಗಿಗೆ ಬಸ್ಸು, ಆ ಬಸ್ಸಿನ ದುಡ್ಡೂ ದೋಣಿಯ ಟಿಕೇಟಿನಲ್ಲೇ ಸೇರಿತ್ತು. (ಮಳೆಗಾಲದಲ್ಲಿ ಈ ಚಿಕ್ಕ ದೋಣಿಗಳು ನಿಂತಿರುತ್ತವೆ. ಜೂನ್‌ನಿಂದ ಆಗಸ್ಟ್ ತನಕ ಹೋಗುವವರು ವಿಚಾರಿಸಿಯೇ ಹೊರಡಿರಿ.) ದಾರಿಯುದ್ದಕ್ಕೂ ಬಿಳಿ ಕಡಲಹಕ್ಕಿಗಳು ದೋಣಿಯ ಬೆನ್ನು ಬಿಡಲಿಲ್ಲ. ಅಜ್ಜಿ ಕಂಬ ಹಿಡಿದುಕೊಂಡು ಕೂತವಳು ಬಹಳ ಹೊತ್ತಿನ ಮೇಲೆ ಒಂದೇ ಮಾತು ಆಡಿದಳು: "ಇಷ್ಟ್ ನೀರು ಇಟಗೊಂಡು ನಮಗ್ಯಾಕ ಕೊಡಂಗಿಲ್ಲೋ ಇವ್ರು?"

ಅಲಿಬಾಗ್ ಎಂಬ ಹೆಸರಿಗೆ ಒಂದು ಕಥೆಯಿದೆ. ಅಲಿ ಎಂಬ ಶ್ರೀಮಂತನ ಮಾವು, ತೆಂಗಿನ ತೋಟಗಳಿದ್ದ ಊರು, 'ಅಲಿಯ ಬಾಗ್'. ಆತ ಬೆನೆ ಇಸ್ರಯೇಲಿ, ಅಂದರೆ ಈ ಕರಾವಳಿಯ ಯೆಹೂದ್ಯ ಎಂದು ಹೇಳುತ್ತಾರೆ. ತಮ್ಮ ಹಿರಿಯರು ಹಡಗು ಒಡೆದು ಇಲ್ಲಿಯ ನವಗಾಂವ್ ದಡಕ್ಕೆ ಬಂದು ಬಿದ್ದವರೆಂಬುದು ಆ ಜನರ ನಂಬಿಕೆ. ಗಾಣ ತಿರುಗಿಸಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಹಾಗಾಗಿ ಊರವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು. ಬೈಬಲಿನ ಸಬ್ಬತ್ ದಿನ ಕೊಂಕಣದ ಒಂದು ಗಾಣದಲ್ಲಿ ಇಷ್ಟು ಶತಮಾನ ಉಳಿದುಕೊಂಡದ್ದು ನಮಗೆ ಸೋಜಿಗವೆನಿಸಿತು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೊರಟುಹೋದರು. ಅವರ ಪ್ರಾರ್ಥನಾಲಯ ಇಂದಿಗೂ ಊರಿನಲ್ಲಿದೆ.

ಅಲಿಬಾಗಿನ ಕಡಲತೀರ ನೋಡಲು ಅಷ್ಟೇನೂ ಚೆಂದವಿಲ್ಲ. ಮರಳು ಕಪ್ಪು, ಗಟ್ಟಿ. ಒಂಟೆ, ಕುದುರೆಗಾಡಿ, ಭೇಲ್‌ಪುರಿಯ ಗದ್ದಲ. ಆದರೆ ದಡದ ಎದುರಿಗೇ ನೀರಿನ ನಡುವೆ ಕೊಲಾಬಾ ಕೋಟೆ ನಿಂತಿದೆ. ಶಿವಾಜಿ ಮಹಾರಾಜರು 1680ರಲ್ಲಿ ತೊಡಗಿಸಿದ ಕೆಲಸವನ್ನು ಅವರ ತರುವಾಯ ಸಂಭಾಜಿ ಮುಗಿಸಿದರು. ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾಪಡೆಗೆ ಇದೇ ಮನೆ. 1721ರಲ್ಲಿ ಇಂಗ್ಲಿಷರೂ ಪೋರ್ತುಗೀಸರೂ ಒಟ್ಟಾಗಿ ಬಂದರೂ ಕೈಗೆ ಸಿಗಲಿಲ್ಲ. ನೀರು ಇಳಿದಾಗ ಈ ಕೋಟೆಗೆ ನಡೆದೇ ಹೋಗಬಹುದು. ನೀರು ಏರಿದಾಗ ದೋಣಿ ಬೇಕು.

ನಾವು ತಪ್ಪಿದ್ದು ಇಲ್ಲಿಯೇ. ಶುಕ್ರವಾರ ಮೂರೂಮುಕ್ಕಾಲಿಗೆ ನೋಡಿದರೆ ದಾರಿಯೆಲ್ಲ ಒಣಗಿದಂತಿತ್ತು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಜನ ಹೋಗುತ್ತಿದ್ದರು, ಬರುತ್ತಿದ್ದರು. ಹೋಗುವವರಿಗಿಂತ ಬರುವವರೇ ಹೆಚ್ಚಿದ್ದಾರೆಂಬುದನ್ನು ನಾವು ಗಮನಿಸಲಿಲ್ಲ. ಅಜ್ಜಿಯನ್ನು ದಡದ ಕಟ್ಟೆಯ ಮೇಲೆ ಕೂರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೆವು. ಕೋಟೆಯೊಳಗೆ ನೋಡುವುದು ಬೇಕಾದಷ್ಟಿದೆ. ಗಾರೆ ಹಾಕದೆ ಒಂದರ ಮೇಲೊಂದು ಏರಿಸಿದ ದೊಡ್ಡ ದೊಡ್ಡ ಕಲ್ಲುಗಳ ಗೋಡೆ. ಅಲೆಯ ಹೊಡೆತ ಸಂದಿನಲ್ಲಿ ಹಾದು ಹೋಗಲೆಂದೇ ಹಾಗೆ ಕಟ್ಟಿದ್ದಂತೆ. ನಡುವೆ ಗಣಪತಿಯ ಗುಡಿ. ಸುತ್ತ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಬಾವಿ. ಗಾಲಿಯ ಮೇಲೆ ನಿಂತ ಎರಡು ಇಂಗ್ಲಿಷ್ ಫಿರಂಗಿಗಳ ಬಳಿಯಿಂದ ಮಕ್ಕಳನ್ನು ಕದಲಿಸುವುದೇ ಕಷ್ಟವಾಯಿತು. ಹೊರಗೆ ಬಂದಾಗ ಐದೂವರೆ. ಬಂದ ದಾರಿ ಇರಲಿಲ್ಲ.

ಮೊದಲು ಮೊಣಕಾಲು ಮಟ್ಟ. ಪರವಾಗಿಲ್ಲ ಎಂದು ಇಳಿದೆವು. ಆದರೆ ಕೋಟೆಯ ಬುಡಕ್ಕಿಂತ ದಡದ ಕಡೆಯ ನೆಲವೇ ಆಳವಾಗಿತ್ತು. ಅರ್ಧ ದಾರಿಯಲ್ಲಿ ಚಿಕ್ಕವಳಿಗೆ ಎದೆ ಮಟ್ಟ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡದ್ದಾಯಿತು. ಹುಡುಗನ ರಟ್ಟೆ ಇಬ್ಬರೂ ಹಿಡಿದೆವು. ಅಲೆ ದೊಡ್ಡದೇನಲ್ಲ, ಆದರೆ ಪಕ್ಕದಿಂದ ಎಳೆಯುತ್ತಿತ್ತು. ಕಾಲ ಕೆಳಗಿನ ಮರಳು ಜಾರುತ್ತಿತ್ತು. ಎರಡು ಜೊತೆ ಚಪ್ಪಲಿ, ಒಂದು ಮೊಬೈಲು ನೀರಿನ ಪಾಲಾದವು. ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಸುರುವಾಗುತ್ತಿತ್ತು. ಅಷ್ಟರಲ್ಲಿ ಕುದುರೆಗಾಡಿಯವನೊಬ್ಬ ಗಾಲಿಯ ಅಚ್ಚು ಮುಳುಗುವಂತೆ ಗಾಡಿ ಹೊಡೆದುಕೊಂಡು ಬಂದು ಮಕ್ಕಳನ್ನು ಎತ್ತಿ ಹಾಕಿಕೊಂಡ, ನಮ್ಮನ್ನು ಗಾಡಿಯ ಹಿಂಬದಿ ಹಿಡಿಯಲು ಹೇಳಿದ. ದಡಕ್ಕೆ ತಂದು ನಿಲ್ಲಿಸಿದ ಮೇಲೆ ಚೆನ್ನಾಗಿ ಬೈದ. ದುಡ್ಡು ಕೊಡಹೋದರೆ ಮಾಮೂಲಿ ಬಾಡಿಗೆಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳಲಿಲ್ಲ. ಅಜ್ಜಿ ಕಟ್ಟೆಯ ಮೇಲಿಂದ ಎಲ್ಲವನ್ನೂ ನೋಡಿದ್ದಳು. ಆ ರಾತ್ರಿ ನಮ್ಮೊಡನೆ ಮಾತಾಡಲಿಲ್ಲ.

ಬೈದವನೇ ಲೆಕ್ಕವನ್ನೂ ಹೇಳಿಕೊಟ್ಟ. ಕೊಂಕಣದ ಮೀನುಗಾರರಿಗೆಲ್ಲ ಬಾಯಿಪಾಠವಾದ ಲೆಕ್ಕ ಇದು. ಅಂದಿನ ತಿಥಿಯ ಮುಕ್ಕಾಲು ಪಾಲು ಎಷ್ಟೋ, ಅಷ್ಟು ಗಂಟೆಗೆ ಭರತಿ, ಅಂದರೆ ಪೂರ್ತಿ ಏರಿದ ನೀರು. ಅದಕ್ಕೆ ಆರು ತಾಸು ಸೇರಿಸಿದರೆ ಇಳಿತ. ಅಂದು ದ್ವಾದಶಿ. ಹನ್ನೆರಡರ ಮುಕ್ಕಾಲು ಒಂಬತ್ತು. ಬೆಳಿಗ್ಗೆ ಒಂಬತ್ತಕ್ಕೆ ಭರತಿ, ಮೂರಕ್ಕೆ ಇಳಿತ, ಮತ್ತೆ ರಾತ್ರಿ ಒಂಬತ್ತಕ್ಕೆ ಭರತಿ. ನಾವು ಹೊರಟದ್ದೇ ನೀರು ತಿರುಗಿದ ಮೇಲೆ! ಕೋಟೆಗೆ ಹೋಗುವವರು ಇಳಿತಕ್ಕೆ ಒಂದು ತಾಸು ಮುಂಚೆ ಹೊರಟು, ಇಳಿತದ ಹೊತ್ತಿಗೇ ಹಿಂದಿರುಗಬೇಕು. ಅಮಾವಾಸ್ಯೆ ಹುಣ್ಣಿಮೆಯ ಹತ್ತಿರ ನೀರು ಬಹಳ ದೂರ ಹಿಂದೆ ಸರಿಯುತ್ತದೆ, ಹಾಗೆಯೇ ಜೋರಾಗಿ ಏರುತ್ತದೆ. ಅಷ್ಟಮಿಯ ಸುಮಾರಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಚಂದ್ರನ ಜೊತೆ ಸೂರ್ಯನ ಎಳೆತವೂ ಒಂದೇ ಗೆರೆಯಲ್ಲಿ ಬಿದ್ದಾಗ ನೀರು ಹೆಚ್ಚು ಎಂದು ನಾವೂ ಶಾಲೆಯಲ್ಲಿ ಓದಿದ್ದೆವು. ಓದಿ ಏನು ಬಂತು!

ಮರುದಿನ ನೀರಿನ ಹತ್ತಿರ ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಆದರೂ ನಾವು ಉಳಿದುಕೊಂಡಿದ್ದ ವರ್ಸೋಲಿ ಊರಿನ ತೀರ ನಮ್ಮನ್ನು ಮೆಲ್ಲಗೆ ಸಮಾಧಾನಪಡಿಸಿತು. ಅಲಿಬಾಗಿನಿಂದ ಎರಡೇ ಕಿಲೋಮೀಟರ್. ಸುರುವಿನ ಮರಗಳ ಕೆಳಗೆ ದಿನವಿಡೀ ನೆರಳು, ಎಳೆದಿಟ್ಟ ಮೀನುದೋಣಿಗಳು. ಮನೆಯೂಟದಲ್ಲಿ ಸುರಮಯಿ, ಸೋಲ್‌ಕಡಿ, ಅಕ್ಕಿಯ ಭಾಕರಿ. ಜೋಳದ ರೊಟ್ಟಿಯ ಮುಂದೆ ಇದು ಹಲ್ಲಿಲ್ಲದವರ ರೊಟ್ಟಿ ಎಂದು ಅಜ್ಜಿಯ ತೀರ್ಪು, ತಿಂದದ್ದು ಮೂರು. ಮಾತು ಮರಳಿ ಬಂತಲ್ಲ ಎಂದು ನಮಗೆ ಸಂತೋಷ.

ಉತ್ತರಕ್ಕೆ ಕಿಹಿಮ್ ಇದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1930ರ ಸುಮಾರಿಗೆ ಗೀಜಗ ಹಕ್ಕಿಗಳು ಗೂಡು ಕಟ್ಟುವ ರೀತಿಯನ್ನು ದಿನಗಟ್ಟಲೆ ಕೂತು ನೋಡಿ ಬರೆದದ್ದು ಇಲ್ಲಿಯೇ. ದಕ್ಷಿಣಕ್ಕೆ ಹೋದರೆ ಆಕ್ಷಿ, ನಾಗಾಂವ್, ಆಮೇಲೆ ರೇವದಂಡಾ. ನಾಗಾಂವ್ ಹುಡುಗರ ನೀರಿನಾಟಗಳಿಂದ ಗಿಜಿಗುಡುತ್ತದೆ, ನಾವು ನಿಲ್ಲಲಿಲ್ಲ. ಆಕ್ಷಿಯ ಶಾಸನದ ಕಲ್ಲಿನ ಮುಂದೆ ಮಾತ್ರ ನಿಂತೆವು. ಶಕ 934, ಅಂದರೆ 1012ರ ಈ ಕಲ್ಲು ಮರಾಠಿಯ ಅತಿ ಹಳೆಯ ಬರಹಗಳಲ್ಲೊಂದು. ಅಷ್ಟೇ ಹಳೆಯದೆಂದು ಹೆಸರಾದ ಇನ್ನೊಂದು ಮರಾಠಿ ಸಾಲು ಇರುವುದು ಕರ್ನಾಟಕದಲ್ಲಿ, ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ. ನಮ್ಮ ಸೊಲ್ಲಾಪುರದಲ್ಲಿ ಕನ್ನಡ ಶಾಸನ, ಸಿದ್ಧರಾಮನ ವಚನ. ಅಲ್ಲಿ ಮರಾಠಿ ಸಾಲು. ಗಡಿಯ ಗೆರೆ ಎಳೆದದ್ದು ಬಹಳ ತಡವಾಗಿ.

ಭಾನುವಾರ ಬಲಿಪೂಜೆಗೆ ಕೊರ್ಲಾಯಿಗೆ ಹೋದೆವು. ರೇವದಂಡಾ ಒಂದು ಕಾಲದ ಪೋರ್ತುಗೀಸರ ಚೌಲ್ ಕೋಟೆ. ತೆಂಗಿನ ತೋಟಗಳ ನಡುವೆ ಈಗಲೂ ಕೋಟೆಯ ಗೋಡೆ, ಮುರಿದ ಇಗರ್ಜಿಗಳು, ಸಾತಖಣಿ ಎಂದು ಜನ ಕರೆಯುವ ಏಳು ಅಂತಸ್ತಿನ ಗೋಪುರದ ಅವಶೇಷ. ಕುಂಡಲಿಕಾ ನದಿಯ ಸೇತುವೆ ದಾಟಿದರೆ ಎದುರು ದಡದಲ್ಲಿ ಕೊರ್ಲಾಯಿ. ಕಡಲಿಗೆ ಚಾಚಿದ ಗುಡ್ಡದ ಬೆನ್ನ ಮೇಲೆ 1594ರಲ್ಲಿ ಪೋರ್ತುಗೀಸರ ವಶವಾದ ಕೋಟೆ, ಕೆಳಗೆ ದೀಪಸ್ತಂಭ, ಊರಿನಲ್ಲಿ ಕಾರ್ಮೆಲ್ ಮಾತೆಯ ದೇವಾಲಯ.

ಪೂಜೆ ಮರಾಠಿಯಲ್ಲಿ ನಡೆಯಿತು. ಅದು ಮುಗಿದು ಅಂಗಳಕ್ಕೆ ಬಂದಾಗ ಹೆಂಗಸರು ಗುಂಪಾಗಿ ಆಡುತ್ತಿದ್ದ ಮಾತು ಮರಾಠಿಯಲ್ಲ, ಕೊಂಕಣಿಯೂ ಅಲ್ಲ. ಅಜ್ಜಿ ನಮ್ಮ ಮುಖ ನೋಡಿದಳು, ನಾವು ಅಜ್ಜಿಯ ಮುಖ ನೋಡಿದೆವು. ಕೇಳಿದ್ದಕ್ಕೆ ಒಬ್ಬ ಹಿರಿಯ ಹೆಂಗಸು ಮರಾಠಿಯಲ್ಲಿ ಹೇಳಿದರು: ಇದು 'ನೌ ಲಿಂಗ್', ನಮ್ಮ ಭಾಷೆ.

ಪೋರ್ತುಗೀಸ್ ಸಿಪಾಯಿಗಳೂ ಇಲ್ಲಿಯ ಜನರೂ ಬೆರೆತು ಬಾಳಿದಾಗ ಹುಟ್ಟಿದ ಮಾತು ಇದು. ಶಬ್ದಗಳು ಪೋರ್ತುಗೀಸಿನವು, ವಾಕ್ಯದ ಕಟ್ಟು ಬಹುಮಟ್ಟಿಗೆ ಮರಾಠಿಯದು. 1740ರಲ್ಲಿ ಚೌಲ್ ಮರಾಠರ ಕೈಸೇರಿ ಪೋರ್ತುಗೀಸರು ಹೊರಟುಹೋದರು. ಅಲ್ಲಿಂದ ಈಚೆಗೆ ಈ ಭಾಷೆಗೆ ರಾಜನಿಲ್ಲ, ಶಾಲೆಯಿಲ್ಲ. ಮಾತಾಡುವವರು ಸಾವಿರದ ಆಸುಪಾಸು, ಅದೂ ಈ ಒಂದೇ ಊರಿನಲ್ಲಿ. ಅಮೆರಿಕದ ಭಾಷಾವಿಜ್ಞಾನಿ ಕ್ಲ್ಯಾನ್ಸಿ ಕ್ಲೆಮೆಂಟ್ಸ್ ಇದರ ಮೇಲೆ 1996ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ನಾವೂ ಆ ದೂರದ ಭಾಷೆಗೆ ಸ್ವಲ್ಪ ಸಾಲಗಾರರೇ. ಇಗರ್ಜಿ, ಪಾದ್ರಿ, ಚಾವಿ, ಪಗಾರ, ಬಟಾಟೆ ಎಲ್ಲ ಅಲ್ಲಿಂದಲೇ ಬಂದವು.

ಎರಡು ನೂರ ಎಂಬತ್ತು ವರ್ಷ ಹೇಗೆ ಉಳಿಸಿಕೊಂಡಿರಿ ಎಂದು ನಾವು ಕೇಳಿದೆವು. ಆ ತಾಯಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಉಳಿಸಿದ್ದೇನೂ ಇಲ್ಲ, ಅಡುಗೆಮನೆಯಲ್ಲಿ ಇದನ್ನೇ ಆಡುತ್ತೇವೆ ಎಂದರು. ತುಸು ತಡೆದು, ಮೊಮ್ಮಕ್ಕಳು ಮುಂಬಯಿಯಲ್ಲಿದ್ದಾರೆ, ಫೋನಿನಲ್ಲಿ ನಾನು ಇದರಲ್ಲಿ ಕೇಳುತ್ತೇನೆ, ಅವರು ಮರಾಠಿಯಲ್ಲಿ ಹೇಳುತ್ತಾರೆ ಎಂದರು. ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಾಗ ಅವಳು ನಮ್ಮ ಮಕ್ಕಳ ಕಡೆ ಕೈ ತೋರಿಸಿ, "ಇವೂ ಹಂಗ ಅದಾವ ಅಂತ ಹೇಳ್ರಿ ಅವ್ರಿಗೆ" ಎಂದಳು. ಹೇಳಿದೆವು. ಮುದುಕಿಯರಿಬ್ಬರೂ ನಕ್ಕರು. ನಮಗೆ ನಗು ಬರಲಿಲ್ಲ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕರೆದರೆ ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓಗೊಡುತ್ತಾರೆ. ಅವಸರದಲ್ಲಿ ನಾವೂ ಹಾಗೆಯೇ ಮಾಡುತ್ತೇವೆ.

ಕೊರ್ಲಾಯಿಯಿಂದ ಮುಂದೆ ಕಾಶೀದ್. ಈ ಕರಾವಳಿಯಲ್ಲಿ ನಾವು ನೋಡಿದ ತೀರಗಳಲ್ಲಿ ಅತಿ ಸುಂದರವಾದದ್ದು ಅದೇ, ಮರಳು ಬೆಳ್ಳಗೆ, ನೀರು ತಿಳಿ. ಆದರೆ ನೀರಿನ ಒಳಸೆಳೆತವೂ ಅಲ್ಲಿ ಜೋರು. ಮಕ್ಕಳನ್ನು ಮೊಣಕಾಲಿನಿಂದಾಚೆ ಬಿಡಲಿಲ್ಲ. ಅವರೂ ಹಟ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಮಾಂಡವಾದ ಧಕ್ಕೆಯಲ್ಲಿ ದೋಣಿಗೆ ಕಾಯುತ್ತಿದ್ದೆವು. ಹುಡುಗ ಅಜ್ಜಿಯ ಪಕ್ಕ ಕೂತು ಇವತ್ತು ಯಾವ ತಿಥಿ ಎಂದು ಮರಾಠಿಯಲ್ಲಿ ಕೇಳಿದ. ಅಕ್ಕಲಕೋಟೆ ಕಡೆಯ ಹಳ್ಳಿಯಲ್ಲಿ ಹೊಲ ಮಾಡಿದವಳು ಅಜ್ಜಿ, ಬಿತ್ತನೆಯ ಲೆಕ್ಕಕ್ಕೆ ತಿಥಿ ಎಣಿಸಿ ರೂಢಿ. ಹಂಗ ಹೇಳಂಗಿಲ್ಲ, ನನ್ನ ಕೂಡ ಎಣಿಸು ಎಂದು ಅವನ ಬೆರಳು ಹಿಡಿದಳು. ಪಾಡ್ಯ, ಬಿದಿಗೆ, ತದಿಗೆ, ಚೌತಿ. ಅವನು ಅವಳ ಹಿಂದೆಯೇ ಹೇಳುತ್ತಾ ಹೋದ. ತದಿಗೆಯಲ್ಲಿ ಎರಡು ಸಲ ತಡವರಿಸಿದ. ಹುಣ್ಣಿಮೆಗೆ ಬಂದು ನಿಂತಾಗ ಹದಿನೈದು ಬೆರಳಾಗಿತ್ತು. ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಗಡಿಯಾರ ನೋಡಿದ, ಧಕ್ಕೆಯ ಕಂಬದ ಪಾಚಿಯ ಗೆರೆ ನೋಡಿದ. ನೀರು ಇನ್ನೂ ಎರಡು ಗೇಣು ಏರಬೇಕಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

"ಅಜ್ಜಿ, ಇನ್ನಾ ಬರತೈತಿ ನೀರು," ಎಂದ.