ದುಡಿದವಳ ಆಸ್ತಿ ಯಾರ ಪಾಲಿಗೆ?

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದು 2005ರ ತಿದ್ದುಪಡಿಯ ನಂತರ ಊರೂರಿಗೆ ಗೊತ್ತಾಗಿದೆ. ಪಾಲು ಕೇಳಿ ದಾವೆ ಹೂಡುವವರೂ ಇದ್ದಾರೆ, ಅಣ್ಣತಮ್ಮಂದಿರ ಮುಖ ನೋಡಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರೂ ಇದ್ದಾರೆ. ಆದರೆ ಹೆಣ್ಣು ತಾನೇ ದುಡಿದು ಕೊಂಡ ಸೈಟು, ಕೂಡಿಟ್ಟ ಹಣ ಅವಳ ನಂತರ ಯಾರಿಗೆ ಎಂಬ ಪ್ರಶ್ನೆಯನ್ನು ಆ ತಿದ್ದುಪಡಿ ಮುಟ್ಟಲಿಲ್ಲ. ಅದಕ್ಕೆ ಉತ್ತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಲ್ಲಿದೆ. ಸಂಪಾದನೆಯಿರುವ ಹೆಣ್ಣು ಉಯಿಲು ಬರೆದಿಡಲೇಬೇಕು ಎನ್ನಲು ಆ ಕಲಮೊಂದೇ ಸಾಕು.

ಉಯಿಲು ಬರೆಯದೆ ಹೆಣ್ಣು ತೀರಿಕೊಂಡರೆ ಅವಳ ಸ್ವಯಾರ್ಜಿತ ಆಸ್ತಿ ಮೊದಲು ಗಂಡನಿಗೆ ಮತ್ತು ಮಕ್ಕಳಿಗೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಂದೆತಾಯಿಯ ಸರದಿ ಅದಾದ ಮೇಲೆ. ತವರಿನಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ. ಗಂಡಸಿನ ಲೆಕ್ಕವೇ ಬೇರೆ: ಅವನ ತಾಯಿ, ಹೆಂಡತಿ, ಮಕ್ಕಳು ಸಮಪಾಲಿನ ಬಾಧ್ಯಸ್ಥರು; ಅವನ ಅತ್ತೆಮಾವಂದಿರು ಪಟ್ಟಿಯಲ್ಲೇ ಇಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ, ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾದ ಹೆಣ್ಣನ್ನು ಗಂಡನ ಮನೆಯವರು ಹೊರಹಾಕಿದ್ದರು. ಓದಿಸಿದ್ದು ತವರು, ಆಮೇಲೆ ನೌಕರಿ ಹಿಡಿದು ಆಕೆ ಬ್ಯಾಂಕಿನಲ್ಲಿ, ಭವಿಷ್ಯನಿಧಿಯಲ್ಲಿ ಹಣ ಉಳಿಸಿದ್ದಳು. ಉಯಿಲಿರಲಿಲ್ಲ. ಹಣ ಗಂಡನ ಅಕ್ಕತಂಗಿಯ ಮಕ್ಕಳಿಗೆ ಹೋಯಿತು. ಪ್ರಕರಣ ನೋವಿನದ್ದೇ, ಆದರೆ ಅನುಕಂಪ ನೋಡಿ ಕಾನೂನಿನ ಅರ್ಥ ಬದಲಿಸಲಾಗದು ಎಂಬುದು ನ್ಯಾಯಾಲಯದ ನಿಲುವು. ಕಲಂ ಇರುವ ರೀತಿ ನೋಡಿದರೆ ನ್ಯಾಯಾಧೀಶರನ್ನು ದೂರಿ ಫಲವಿಲ್ಲ.

ಹಾಗಾದರೆ ಕಾನೂನನ್ನೇ ತಿದ್ದಬೇಕಲ್ಲವೇ, ಹೊರೆಯನ್ನು ಹೆಂಗಸರ ಮೇಲೇಕೆ ಹೊರಿಸುವುದು? ಆಕ್ಷೇಪ ಸರಿಯಾದದ್ದೇ. ಇಂಥ ಆಸ್ತಿಯಲ್ಲಿ ತವರಿನವರಿಗೂ ಪಾಲಿರಲಿ ಎಂದು ಕಾನೂನು ಆಯೋಗ 2008ರ ತನ್ನ 207ನೇ ವರದಿಯಲ್ಲೇ ಹೇಳಿತ್ತು. ಅದನ್ನು ನಂಬಿ ಕೂತಿದ್ದರೆ ಎಷ್ಟು ವರ್ಷ ಕಾಯಬೇಕಿತ್ತೆಂದು ಓದುಗರೇ ಎಣಿಸಬಹುದು. ‘ಎಫ್‌ಡಿಗೆ ಅಮ್ಮನೇ ನಾಮಿನಿ, ಇನ್ನೇನು ಭಯ’ ಎನ್ನುವವರೂ ಉಂಟು. ಬ್ಯಾಂಕಿನಿಂದ ಹಣ ಪಡೆಯುವ ಹಕ್ಕಷ್ಟೇ ನಾಮಿನಿಯದು; ಕೈಗೆ ಬಂದ ಹಣಕ್ಕೆ ಒಡೆಯರು ವಾರಸುದಾರರೇ. ಮದುವೆಯಾದವಳಿಗೆ ಗಂಡನ ಮನೆಯೇ ಮನೆ ಎಂಬ ವಾದವೂ ಇದೆ. ಹಾಗೆ ಬಾಳಿದವಳು ಅವರ ಹೆಸರಿಗೇ ಬರೆಯಲಿ, ಬೇಡವೆಂದವರು ಯಾರು? ಬಾಳದವಳಿಗೂ ಅದನ್ನೇ ವಿಧಿಸುವುದು ಅನ್ಯಾಯ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಸೈಟಿನ ನಂಬರು, ಚೆಕ್ಕುಬಂದಿ, ಬ್ಯಾಂಕ್ ಖಾತೆಗಳ ವಿವರ ಬರೆದು, ಯಾರಿಗೆ ಏನೆಂದು ತಿಳಿಸಿ ಸಹಿ ಹಾಕಬೇಕು. ಆ ಸಹಿಯನ್ನು ಕಂಡ ಇಬ್ಬರು ಆಕೆಯ ಎದುರಿಗೇ ಸಾಕ್ಷಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿಗೆ ಕರೆಯದಿದ್ದರೆ ಮುಂದೆ ಸಂಶಯಕ್ಕೆ ಎಡೆಯಿಲ್ಲ. ಖರ್ಚು ಹೆಚ್ಚಲ್ಲ, ಆದ್ದರಿಂದ ನೋಂದಾಯಿಸುವುದೇ ಮೇಲು. ಬದುಕಿರುವಷ್ಟು ಕಾಲ ಮನಸ್ಸು ಬದಲಾದರೆ ಹೊಸದು ಬರೆಯಬಹುದು. ನಡೆಯುವುದು ಕೊನೆಯದು, ಹಾಗಾಗಿ ತಾರೀಖು ಮರೆಯಬಾರದು.